ಏಣಿ ಅಕ್ಕನ ಬಲಹೆಗಲು

ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಎಲ್ಲರೂ ಅವಳನ್ನು ಏಣಿ ಅಕ್ಕ ಎಂದೇ ಕರೆಯುತ್ತಿದ್ದರು. ಹಿಂಬದಿಯ ಅಂಗಳದಲ್ಲಿ ಒಂದರ ಮೇಲೊಂದು ಮೂರು ತಂತಿಗಳಿದ್ದವು. ಮೇಲಿನ ತಂತಿ ಸ್ಟೂಲಿಲ್ಲದೆ ಎಟುಕುತ್ತಿದ್ದುದು ಅವಳೊಬ್ಬಳಿಗೆ. ಹಾಗಾಗಿ ಇಪ್ಪತ್ತಮೂರು ವರ್ಷಗಳಿಂದ ಅಲ್ಲಿ ಬೆಡ್‌ಶೀಟು ಹರವುವ ಕೆಲಸ ಅವಳ ಪಾಲಿಗೇ ಬಂದಿತ್ತು. ಹಿಂಡಿದ ಮೇಲೂ ಭಾರವಿರುತ್ತಿದ್ದ ಆ ಬಟ್ಟೆಗಳನ್ನು ಎತ್ತಿ ಹಾಕಲು ದಿನಕ್ಕೆ ನೂರಿಪ್ಪತ್ತು ಸಲವಾದರೂ ಕೈ ತಲೆಯಿಂದ ಮೇಲೆ ಹೋಗಬೇಕಿತ್ತು.

ಐವತ್ತೊಂದನೆಯ ವಯಸ್ಸಿಗೆ ಬಲಹೆಗಲು ನೋಯತೊಡಗಿತು. ದುಡಿಯುವ ಮೈ ನೋಯದೆ ಇರುತ್ತದೆಯೇ ಎಂದುಕೊಂಡು ಮುಲಾಮು ಹಚ್ಚಿ ಸುಮ್ಮನಾದಳು. ಎರಡು ತಿಂಗಳಲ್ಲಿ ನೋವಿನ ಜೊತೆಗೆ ಬಿಗಿತವೂ ಸೇರಿಕೊಂಡಿತು. ಕೈ ಎದೆಮಟ್ಟಕ್ಕೆ ಬಂದು ಅಲ್ಲೇ ನಿಂತುಬಿಡುತ್ತಿತ್ತು. ಬಲಮಗ್ಗುಲಿಗೆ ಹೊರಳಿದರೆ ನಿದ್ದೆ ಹಾರಿಹೋಗುತ್ತಿತ್ತು. ಯಾರಿಗೂ ಹೇಳದೆ ಎಡಗೈಯಿಂದ ಎಸೆದು ಹರವುವುದನ್ನು ಕಲಿತಳು. ಒಂದು ಬೆಳಿಗ್ಗೆ ಮೂರು ಬೆಡ್‌ಶೀಟು ಒಂದರ ಹಿಂದೊಂದು ಕೆಸರಿಗೆ ಬಿದ್ದಾಗ ಮೇಸ್ತ್ರಿ ನೋಡಿಬಿಟ್ಟ.

"ಏನಕ್ಕಾ, ಕೈಗೆ ಏನಾಗಿದೆ?"

"ಕಷ್ಟ ಬಂದ್ರೆ ಜನ ಕೈ ಎತ್ತಿಬಿಡ್ತಾರಂತೆ ಮೇಸ್ತ್ರಿ. ನನಗೆ ಅದಕ್ಕೂ ಆಗ್ತಿಲ್ಲ."

ಅವನಿಗೆ ನಗು ಬಂತು. ಅವಳಿಗೆ ಬರಲಿಲ್ಲ. ಅವಳನ್ನು ಬಟ್ಟೆ ಮಡಿಚುವ ಮೇಜಿಗೆ ಹಾಕಿ, ಮಹಡಿಯ ಮೇಲೆ ಡಾಕ್ಟರಿಗೆ ತೋರಿಸಿಕೊಂಡು ಬರಲು ಹೇಳಿದ. ಇಷ್ಟು ವರ್ಷ ಆಸ್ಪತ್ರೆಯ ಬಟ್ಟೆ ಒಗೆದಿದ್ದರೂ ರೋಗಿಯಾಗಿ ಆ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

ರಕ್ತ ಪರೀಕ್ಷೆಯಲ್ಲಿ ಸಕ್ಕರೆ ಕಾಯಿಲೆಯೂ ಸಿಕ್ಕಿತು. ಸಕ್ಕರೆ ಇದ್ದವರಿಗೆ ಹೆಗಲು ಹೀಗೆ ಹಿಡಿದುಕೊಳ್ಳುವುದು ಹೆಚ್ಚು ಎಂದ ಡಾಕ್ಟರು ಮಾತ್ರೆ ಬರೆದು, ವ್ಯಾಯಾಮದ ಕೋಣೆಗೆ ಕಳಿಸಿದರು. ಅಲ್ಲಿದ್ದ ಮೇಡಂ ಪ್ಲಾಸ್ಟಿಕ್ಕಿನ ಮೂಳೆಗಳನ್ನು ಕೈಯಲ್ಲಿ ಹಿಡಿದು ತೋರಿಸಿದರು.

"ನೋಡಿ, ಈ ತೋಳಿನ ಮೂಳೆಯ ಗುಂಡು ಈ ಸಣ್ಣ ಗುಳಿಯಲ್ಲಿ ಕೂತಿರುತ್ತೆ. ಗುಳಿ ಆಳ ಇಲ್ಲ, ಅದಕ್ಕೇ ಕೈ ಎಲ್ಲಾ ಕಡೆ ತಿರುಗುತ್ತೆ. ಕೀಲಿನ ಸುತ್ತ ಒಂದು ತೆಳು ಚೀಲ ಇರುತ್ತೆ. ನಿಮ್ಮದು ಉರಿ ಬಂದು, ದಪ್ಪ ಆಗಿ, ಕುಗ್ಗಿಬಿಟ್ಟಿದೆ."

"ಬಿಸಿನೀರಿಗೆ ಹಾಕಿದ ಉಣ್ಣೆ ಥರ."

"ಹೆಚ್ಚುಕಡಿಮೆ ಹಾಗೇ."

"ಕುಗ್ಗಿದ ಉಣ್ಣೆ ಮತ್ತೆ ಹಿಗ್ಗಲ್ಲ ಮೇಡಂ."

"ಇದು ಹಿಗ್ಗುತ್ತೆ. ಆದ್ರೆ ಒಂದೂವರೆ, ಎರಡು ವರ್ಷನೂ ಹಿಡೀಬಹುದು. ನೋವಿದೆ ಅಂತ ಕೈ ಕಟ್ಟಿ ಕೂತ್ರೆ ಇನ್ನೂ ಬಿಗಿಯಾಗುತ್ತೆ. ಹಟಕ್ಕೆ ಬಿದ್ದು ಜಗ್ಗಿದ್ರೂ ಕೆಡುತ್ತೆ. ದಿನಾ ಸ್ವಲ್ಪ ಸ್ವಲ್ಪ."

ಎರಡು ವರ್ಷ ಎಂಬ ಮಾತು ಕೇಳಿಯೇ ಅವಳಿಗೆ ಅರ್ಧ ಸುಸ್ತಾಯಿತು.

ಲಾರಿ ಓಡಿಸುವ ಗಂಡ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನ ಎರಡು ಕೋಣೆಯ ಆ ಮನೆಯಲ್ಲಿ ಅವಳು ಮತ್ತು ಅವಳ ನಾದಿನಿ. ನಾದಿನಿಗೆ ಶಾಲೆಯಲ್ಲಿ ಗಂಟೆ ಹೊಡೆಯುವ, ಕೋಣೆ ಗುಡಿಸುವ ಕೆಲಸ. ಅತ್ತೆ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಇಬ್ಬರ ನಡುವೆ ಮಾತು ಅಷ್ಟಕ್ಕಷ್ಟೇ. ಬೇಳೆ ಮುಗಿದಿದೆ, ನೀರು ಬಂದಿದೆ, ಬಾಗಿಲು ಹಾಕಿಕೊ. ಇಷ್ಟರಲ್ಲೇ ದಿನ ಕಳೆಯುತ್ತಿತ್ತು.

ಈಗ ತಲೆ ಬಾಚಿಕೊಳ್ಳಲು ಕೈ ಏಳುತ್ತಿರಲಿಲ್ಲ. ಮೂರು ದಿನ ಕೂದಲನ್ನು ಹಾಗೇ ಗಂಟು ಹಾಕಿಕೊಂಡು ಹೋದಳು. ನಾಲ್ಕನೆಯ ದಿನ ನಾದಿನಿ ಬಾಚಣಿಗೆ ಹಿಡಿದು ಬಂದು, "ಕೂತ್ಕೊಳ್ಳಿ ಅತ್ತಿಗೆ," ಎಂದಳು. ಅಂದಿನಿಂದ ದಿನಾ ಬೆಳಿಗ್ಗೆ ಹತ್ತು ನಿಮಿಷ ಒಬ್ಬಳು ಕುರ್ಚಿಯಲ್ಲಿ, ಇನ್ನೊಬ್ಬಳು ಹಿಂದೆ. ಜಡೆ ಹೆಣೆದಾದ ಮೇಲೆ ನಾದಿನಿ ಕುರ್ಚಿಯ ಬೆನ್ನು ಹಿಡಿದು ನಿಧಾನವಾಗಿ ನೆಟ್ಟಗಾಗುತ್ತಿದ್ದಳು.

ಒಂದು ದಿನ ಏಣಿ ಅಕ್ಕ ಕೇಳಿದಳು. "ನಿನಗೇನಾಗಿದೆಯೇ?"

"ಸೊಂಟ."

"ಯಾವಾಗಿಂದ?"

"ಅಮ್ಮನ್ನ ನೋಡಿಕೊಂಡಾಗಿಂದ." ನಾದಿನಿಯ ದನಿ ಏರಲಿಲ್ಲ. "ಹದಿನಾಲ್ಕು ತಿಂಗಳು ಎತ್ತಿ ಮಲಗಿಸಿದೆ, ಮಗ್ಗುಲು ತಿರುಗಿಸಿದೆ. ನೀವು ಕೆಲಸಕ್ಕೆ ಹೋಗ್ಬೇಕಿತ್ತು, ಸರಿ. ಬಂದ ಮೇಲಾದ್ರೂ ಒಂದು ಸಲ ಕೇಳ್ಲಿಲ್ಲ."

ತಾನೂ ಆಗ ದಣಿದಿದ್ದೆ ಎಂದು ಏಣಿ ಅಕ್ಕ ಹೇಳಬಹುದಿತ್ತು. ಅದು ಸುಳ್ಳೂ ಅಲ್ಲ. ಆದರೆ ಆ ಮಾತು ಬಾಯಿಯವರೆಗೆ ಬಂದು ನಿಂತಿತು. "ತಪ್ಪಾಯ್ತು ಕಣೇ," ಎಂದಳು. ನಾದಿನಿ ಬಾಚಣಿಗೆಯಲ್ಲಿ ಸಿಕ್ಕ ಕೂದಲು ಬಿಡಿಸುತ್ತಾ ಒಳಗೆ ಹೋದಳು.

ಮುಂದಿನ ವಾರ ಏಣಿ ಅಕ್ಕ ಅವಳನ್ನೂ ವ್ಯಾಯಾಮದ ಕೋಣೆಗೆ ಕರೆದುಕೊಂಡು ಹೋದಳು. ಮೇಡಂ ಬಗ್ಗಿಸಿ, ಮಲಗಿಸಿ, ಕಾಲೆತ್ತಿಸಿ ನೋಡಿದರು. ನರಕ್ಕೇನೂ ಆಗಿರಲಿಲ್ಲ. ನೋವಿಗೆ ಹೆದರಿ ಬಗ್ಗುವುದನ್ನೇ ಬಿಟ್ಟಿದ್ದರಿಂದ ಬೆನ್ನು, ಹೊಟ್ಟೆಯ ಸ್ನಾಯುಗಳು ಶಕ್ತಿ ಕಳೆದುಕೊಂಡಿದ್ದವು. ಅವಕ್ಕೆ ಮತ್ತೆ ಸ್ವಲ್ಪಸ್ವಲ್ಪವೇ ಕೆಲಸ ಕೊಡಬೇಕು ಎಂದರು.

ಸಂಜೆ ಕೆಲಸದಿಂದ ಬಂದ ಮೇಲೆ ಇಬ್ಬರಿಗೂ ಮತ್ತೊಂದು ಪಾಳಿ ಶುರುವಾದಂತಾಯಿತು. ಒಬ್ಬಳು ಗೋಡೆಯ ಮೇಲೆ ಬೆರಳುಗಳನ್ನು ಇಂಚಿಂಚೇ ಮೇಲಕ್ಕೆ ನಡೆಸುವಳು, ಇನ್ನೊಬ್ಬಳು ಚಾಪೆಯ ಮೇಲೆ ಮಂಡಿ ಮಡಿಚಿ ಸೊಂಟ ಎತ್ತುವಳು. ಬೆರಳು ಮುಟ್ಟಿದ ಜಾಗಕ್ಕೆ ನಾದಿನಿ ಶಾಲೆಯ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದಳು. ಎರಡು ತಿಂಗಳು ಗೆರೆ ಇದ್ದಲ್ಲೇ ಇತ್ತು. ನಡುವೆ ಒಂದು ವಾರ ಕೆಳಗೂ ಇಳಿಯಿತು. ಆಗ ಏಣಿ ಅಕ್ಕ ಗೋಡೆಗೆ ಹಣೆ ಆನಿಸಿ, "ಸಾಕಾಗಿ ಹೋಯ್ತು," ಎಂದಳು.

"ನನಗೂ ಸಾಕಾಗಿದೆ. ಇನ್ನು ಐದು ಸಲ ಮಾಡಿ, ಊಟ ಮಾಡೋಣ."

ಮನೆಗೆ ಬಂದ ಗಂಡ ಗೋಡೆಯ ಗೆರೆಗಳನ್ನು ನೋಡಿ, "ಯಾವ ಮಗು ಎತ್ತರ ಅಳೀತಿದ್ದೀರಿ?" ಎಂದು ಕೇಳಿದ. ಇಬ್ಬರೂ ಒಟ್ಟಿಗೆ ನಕ್ಕರು. ಅವನಿಗೆ ನಗೆಗಿಂತ ಅವರು ಒಟ್ಟಿಗೆ ನಕ್ಕದ್ದೇ ಆಶ್ಚರ್ಯವಾಯಿತು.

ಹತ್ತೊಂಬತ್ತು ತಿಂಗಳಿಗೆ ಕೈ ಕಿವಿಯ ಹತ್ತಿರ ಬಂತು. ಬೆನ್ನ ಹಿಂದಕ್ಕೆ ಮಾತ್ರ ಪೂರ್ತಿ ಹೋಗಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಮೇಲಿನ ತಂತಿಯನ್ನು ಒಂದು ಮೊಳ ಕೆಳಗಿಳಿಸಿ ಕಟ್ಟಿಸಿದ್ದ. ಇಷ್ಟು ವರ್ಷ ಅದು ಯಾರಿಗೂ ಹೊಳೆದಿರಲಿಲ್ಲ. ಅವಳು ಮಡಿಚುವ ಮೇಜಿನಲ್ಲೇ ಉಳಿದಳು.

ಆಮೇಲೊಂದು ಬೆಳಿಗ್ಗೆ ಚಹಾ ಲೋಟ ಎತ್ತುವಾಗ ಎಡಹೆಗಲಿನಲ್ಲಿ ಸಣ್ಣಗೆ ನೋವೆದ್ದಿತು. ಒಂದು ಕಡೆ ಬಂದದ್ದು ಕೆಲವರಿಗೆ ಇನ್ನೊಂದು ಕಡೆಗೂ ಬರಬಹುದು ಎಂದು ಮೇಡಂ ಹೇಳಿದ್ದರು. ಅವಳು ಲೋಟ ಕೆಳಗಿಟ್ಟಳು. ಆಮೇಲೆ ನಾದಿನಿಗೆ ಹೇಳಿದಳು.

ನಾದಿನಿ ಅವಳ ಮುಖ ನೋಡಿದಳು. "ಇವತ್ತು ಮಧ್ಯಾಹ್ನ ಬರ್ತೀನಿ ಅಂತ ಶಾಲೆಗೆ ಹೇಳಿ ಕಳಿಸ್ತೀನಿ, ಮೇಡಂ ಹತ್ರ ಹೋಗೋಣ," ಎಂದು ಚಪ್ಪಲಿ ಹುಡುಕತೊಡಗಿದಳು.