ಡಬ್ಬಿಯಲ್ಲಿ ಎರಡು ಚಮಚ

ನನ್ನ ಅಮ್ಮ ಪತ್ತೇದಾರಿ ಕಾದಂಬರಿಗಳನ್ನು ಕೊನೆಯಿಂದ ಓದುತ್ತಾಳೆ. ಮೊದಲು ಕೊನೆಯ ಅಧ್ಯಾಯ, ಆಮೇಲೆ ಅದರ ಹಿಂದಿನದು, ಹೀಗೇ ಹಿಮ್ಮುಖವಾಗಿ ನಡೆದು ಮೊದಲ ಪುಟ ತಲುಪಿದ ಮೇಲೆ ಕನ್ನಡಕ ತೆಗೆದಿಡುತ್ತಾಳೆ. ತನಗೆ ಇಷ್ಟವಾದವರು ಸಾಯುತ್ತಾರೋ ಇಲ್ಲವೋ ಮೊದಲೇ ತಿಳಿದರೆ ನೆಮ್ಮದಿಯಿಂದ ಓದಬಹುದಂತೆ. ಜಯನಗರದ ಬಾಡಿಗೆ ಲೈಬ್ರರಿಯಿಂದ ತಂದ ಎಪ್ಪತ್ತೊಂದು ಪುಸ್ತಕಗಳನ್ನು ಹೀಗೆ ಮುಗಿಸಿದ್ದಾಳೆ. ಎಪ್ಪತ್ತೊಂದು ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೀ ಎಂದು ಕೇಳಬೇಡಿ. ಲೆಕ್ಕ ಇಡುವುದು ನನ್ನ ಚಟ. ಬನಶಂಕರಿಯ ನಮ್ಮ ಮನೆಯಿಂದ ಜೆ.ಪಿ. ನಗರಕ್ಕೆ ಎಷ್ಟು ಸಿಗ್ನಲ್, ಒಂದು ಅಧ್ಯಾಯಕ್ಕೆ ಎಷ್ಟು ಲೋಟ ಕಾಫಿ, ಒಂದು ಕೊಲೆಗೆ ಎಷ್ಟು ಸುಳಿವು, ಎಲ್ಲವೂ ನನ್ನ ಡೈರಿಯಲ್ಲಿದೆ.

ಈ ಚಟವನ್ನು ನಂಬಿಯೇ ನಾನೊಂದು ಯೋಜನೆ ಹಾಕಿದೆ. ನನ್ನ ಮೊದಲ ಕಾದಂಬರಿ ಅಚ್ಚಾಗಿ ಬಂತು. ಅದರ ಪತ್ತೇದಾರ ಇನ್ನೊಬ್ಬ ಗಂಡಸಿನ ಜೊತೆ ಸಂಸಾರ ಮಾಡಿಕೊಂಡಿರುವವನು. ಯಾರಾದರೂ ಹುಬ್ಬೇರಿಸಿದರೆ ಅದು ಕತೆ ಎಂದು ಜಾರಿಕೊಳ್ಳಬಹುದು. ಆದರೆ ಅರ್ಪಣೆಯ ಪುಟ ಕತೆಯಲ್ಲ. ನಮ್ಮ ಹಳೆಯ ಕವಿಗಳು ಕಾವ್ಯದ ಮೊದಲಿಗೆ ದೇವರನ್ನು, ಗುರುವನ್ನು, ಅನ್ನ ಕೊಟ್ಟ ಅರಸನನ್ನು ನೆನೆಯುತ್ತಿದ್ದರು. ನನಗೆ ಅರಸರ ಪರಿಚಯವಿಲ್ಲ. ಶನಿವಾರ, ಭಾನುವಾರ ನನಗೆ ಅನ್ನ ಬಡಿಸುವವನು ಜೆ.ಪಿ. ನಗರದ ಪ್ರಶಾಂತ. ಹಾಗಾಗಿ ಮೊದಲ ಪುಟದಲ್ಲಿ ‘ನನ್ನ ಬಾಳಿನ ಗೆಳೆಯ ಪ್ರಶಾಂತನಿಗೆ, ಪ್ರೀತಿಯಿಂದ’ ಎಂದು ಬರೆದೆ. ಒಂದು ಬುಧವಾರ ಪುಸ್ತಕವನ್ನು ಅಮ್ಮನ ಕೈಗೆ ಕೊಟ್ಟೆ. ಅಮ್ಮನ ಮಟ್ಟಿಗೆ ಪ್ರಶಾಂತ, ಬರೆಯಲು ಒಂದು ಕೋಣೆ ಬಿಟ್ಟುಕೊಟ್ಟ ಪರೋಪಕಾರಿ ಅಷ್ಟೆ.

ಈಗ ಲೆಕ್ಕ ನೋಡಿ. ಪುಸ್ತಕ ಇನ್ನೂರ ಹದಿನಾರು ಪುಟ. ಅಮ್ಮ ದಿನಕ್ಕೆ ಹನ್ನೆರಡು ಪುಟ ಓದುತ್ತಾಳೆ. ಕೊನೆಯಿಂದ ಹೊರಟರೆ ಅರ್ಪಣೆ ತಲುಪುವುದು ಹದಿನೆಂಟನೆಯ ದಿನ. ಬಿಡುಗಡೆ ಇದ್ದದ್ದು ಹತ್ತೊಂಬತ್ತನೆಯ ದಿನ, ಭಾನುವಾರ. ಅಂದರೆ ಅವಳಿಗೆ ನಾನೇ ಬಾಯಿಬಿಟ್ಟು ಹೇಳಲು ಹದಿನೇಳು ದಿನ. ಕಾಗದದ ಮೇಲೆ ನೋಡುವ ಮೊದಲು ನನ್ನ ಬಾಯಿಂದ ಕೇಳಲಿ ಎಂಬುದೊಂದೇ ನನ್ನ ಆಸೆ.

ಡೈರಿಯಲ್ಲಿ ಆ ದಿನಗಳು ಹೀಗಿವೆ. ಮೊದಲ ದಿನ, ಬುಧವಾರ: ಹೇಳಲಿಲ್ಲ. ಎರಡನೆಯ ದಿನ: ಹೇಳಲಿಲ್ಲ, ಅಮ್ಮನಿಗೆ ತಲೆನೋವು. ಮೂರನೆಯ ದಿನ: ಹೇಳಲಿಲ್ಲ, ನನಗೆ ತಲೆನೋವು. ನಾಲ್ಕನೆಯ ದಿನ, ಶನಿವಾರ: ಹೇಳಲಿಲ್ಲ, ಡಬ್ಬಿಯಲ್ಲಿ ಎರಡು ಚಮಚ, ಕಾರಣ ತಿಳಿಯದು.

ಚಮಚದ ವಿಷಯ ಸ್ವಲ್ಪ ವಿವರಿಸಬೇಕು. ಶನಿವಾರ ನಾನು ಬರೆಯಲು ಹೊರಟಾಗ ಅಮ್ಮ ಬಿಸಿಬೇಳೆಬಾತಿನ ಡಬ್ಬಿ ಕಟ್ಟಿಕೊಡುತ್ತಾಳೆ. ಜೊತೆಗೆ ತನ್ನ ಹೆಸರು ಕೆತ್ತಿಸಿದ ಒಂದು ಸ್ಟೀಲ್ ಚಮಚ. ಪ್ರಶಾಂತನ ಮನೆಯಲ್ಲಿ ಚಮಚಕ್ಕೆ ಬರವಿಲ್ಲ. ಅಮ್ಮನಿಗೆ ಬೇರೆಯವರ ಮನೆಯ ಚಮಚದಲ್ಲಿ ನಂಬಿಕೆಯಿಲ್ಲ, ಸರಿಯಾಗಿ ತೊಳೆದಿರುವುದಿಲ್ಲವಂತೆ. ಆ ಚಮಚ ಭಾನುವಾರ ಸಂಜೆ ವಾಪಸ್ ಬರದಿದ್ದರೆ ಮನೆಯಲ್ಲಿ ನನಗೆ ರಾತ್ರಿಯ ಊಟಕ್ಕಿಂತ ಮೊದಲು ವಿಚಾರಣೆ.

ಹನ್ನೊಂದನೆಯ ದಿನ, ಮತ್ತೆ ಶನಿವಾರ, ಮತ್ತೆ ಎರಡು ಚಮಚ. ಒಂದೇ ವಸ್ತು ಎರಡು ಸಲ ಕಾಣಿಸಿಕೊಂಡರೆ ಯಾರೋ ಅದನ್ನು ಬೇಕೆಂದೇ ಇಟ್ಟಿದ್ದಾರೆ ಎಂದು ನಾನೇ ನನ್ನ ಪತ್ತೇದಾರನ ಬಾಯಲ್ಲಿ ಹೇಳಿಸಿದ್ದೆ. ಅಡುಗೆಮನೆಯಲ್ಲಿ ಅಮ್ಮ ಹುರುಳಿಕಾಯಿಯ ನಾರು ತೆಗೆಯುತ್ತ ಕೂತಿದ್ದಳು. ನಾನು ಚಮಚ ಹಿಡಿದುಕೊಂಡೇ ಹೇಳಿದೆ:

“ಅಮ್ಮ, ಪ್ರಶಾಂತ ಬರೀ ಫ್ರೆಂಡ್ ಅಲ್ಲ. ನಾವಿಬ್ರೂ ಒಟ್ಟಿಗೆ ಬಾಳ್ಬೇಕು ಅಂತಿದೀವಿ.”

ಅಮ್ಮ ಹುರುಳಿಕಾಯಿಯಿಂದ ತಲೆ ಎತ್ತಲಿಲ್ಲ. “ಮೊದಲನೇ ಪುಟದಲ್ಲೇ ಬರ್ದಿದೀಯಲ್ಲೋ.”

“ನೀನು ಕೊನೆಯಿಂದ ಓದೋದಲ್ವಾ?”

“ಅದು ಊರವರ ಪುಸ್ತಕ. ಮಗ ಬರ್ದಿದ್ದನ್ನ ಯಾರಾದ್ರೂ ಹಾಗೆ ಓದ್ತಾರಾ?”

ಇನ್ನೂರ ಹದಿನಾರನ್ನು ಹನ್ನೆರಡರಿಂದ ಭಾಗಿಸಿದ್ದ ನನ್ನ ತಲೆಗೆ ಇದೊಂದು ಹೊಳೆದಿರಲಿಲ್ಲ. ಹನ್ನೊಂದು ದಿನ ನೀನು ಯಾಕೆ ಸುಮ್ಮನಿದ್ದೆ ಎಂದು ಕೇಳಿದೆ. ಮೊದಲೆರಡು ದಿನ ಆ ಪುಟ ದಾಟಲು ತನ್ನಿಂದ ಆಗಲಿಲ್ಲ, ಸ್ವಲ್ಪ ಅತ್ತದ್ದೂ ಆಯಿತು ಎಂದಳು. ಮೂರನೆಯ ದಿನ ಪುಟ ತಿರುಗಿಸಿದ್ದು, ಸತ್ತವನು ಯಾರು ಎಂದಾದರೂ ತಿಳಿಯಲಿ ಅಂತ.

“ಆಮೇಲೆ ನಾನೇ ಕೇಳ್ಬೋದಿತ್ತು. ಆದ್ರೆ ನಡುವೆ ಬಂದು ಯಾರಾದ್ರೂ ಕತೆಯ ಕೊನೆ ಹೇಳ್ಬಿಟ್ರೆ ನಿಂಗೆ ಸಿಟ್ಟು ಬರುತ್ತಲ್ಲ. ನೀನೇ ಹೇಳ್ಲಿ ಅಂತ ಕಾದೆ. ಹೋಗು, ಬಾತ್ ಆರಿಹೋಗುತ್ತೆ.”

ಬಿಡುಗಡೆಯ ದಿನ ಜಯನಗರದ ಸಣ್ಣ ಸಭಾಂಗಣದಲ್ಲಿ ಎಂಬತ್ನಾಲ್ಕು ಜನ. ಎರಡನೆಯ ಸಾಲಿನಲ್ಲಿ ಅಮ್ಮ, ಪಕ್ಕದಲ್ಲಿ ಪ್ರಶಾಂತ, ಅವನ ತೊಡೆಯ ಮೇಲೆ ಅಮ್ಮನ ಕೈಚೀಲ. ಅವಳು ಯಾರಿಗಾದರೂ ತನ್ನ ಕೈಚೀಲ ಹಿಡಿಯಲು ಕೊಟ್ಟದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಿರಿಯರೊಬ್ಬರು ಎದ್ದು, ಪತ್ತೇದಾರನ ಆ ಸಂಸಾರ ಕತೆಗೆ ಬೇಕಿತ್ತೇ ಎಂದು ಕೇಳಿದರು. “ಬೇಕಿತ್ತು ಸಾರ್. ಕೊಲೆಗಾರನ್ನ ಹಿಡಿದ ಮೇಲೆ ಪತ್ತೇದಾರನೂ ಮನೆಗೆ ಹೋಗ್ಬೇಕಲ್ಲ,” ಎಂದೆ. ನಕ್ಕವರಲ್ಲಿ ಅವರೂ ಒಬ್ಬರು. ನಲವತ್ತೇಳು ಪ್ರತಿಗಳಿಗೆ ಸಹಿ ಹಾಕಿದೆ. ಅದರಲ್ಲಿ ಐದು ಅಮ್ಮನ ಪಾರ್ಕಿನ ಗೆಳತಿಯರಿಗೆ. ಅವರಿಗೆಲ್ಲ ಅಮ್ಮ ಒಂದೇ ಷರತ್ತು ಹಾಕಿದ್ದಾಳೆ: ಮೊದಲ ಪುಟದಿಂದಲೇ ಓದಬೇಕು, ಹಾರಿಸಬಾರದು.

ಕೊಲೆಗಾರ ಯಾರೆಂದು ಕೊನೆಯವರೆಗೂ ಅವಳಿಗೆ ಗೊತ್ತಾಗಲಿಲ್ಲವಂತೆ. ಎಪ್ಪತ್ತೊಂದು ಪುಸ್ತಕಗಳಲ್ಲಿ ಯಾರೂ ಮಾಡದ್ದನ್ನು ಮಾಡಿದೆ ಎಂದು ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದುಕೊಂಡೆ. ಅದರ ಕೆಳಗೆ ಇನ್ನೊಂದು ಸಾಲೂ ಇದೆ. ಜೆ.ಪಿ. ನಗರದ ಅಡುಗೆಮನೆಯಲ್ಲಿ ಈಗ ಅಮ್ಮನ ಹೆಸರಿರುವ ಚಮಚಗಳು ಆರು. ಒಂದನ್ನೂ ಅವಳು ವಾಪಸ್ ಕೇಳಿಲ್ಲ.