ಕ್ಯಾನಿಂಗ್ ವೇಲ್‌ನಲ್ಲಿ ಬೀಗರ ಊಟ

ಈ ಸಂಗತಿಯನ್ನು ಬರೆಯಬೇಕೆಂದು ಪರ್ತ್‌ಗೆ ಬಂದ ಮೊದಲ ವಾರವೇ ಒಂದು ನೋಟುಪುಸ್ತಕ ತರಿಸಿಕೊಂಡೆ. ಅದರಲ್ಲಿ ಇಲ್ಲಿನ ಬಿಳಿ ಗಿಳಿಗಳ ಬಗ್ಗೆ ಬರೆದೆ. ಕಸ ಹಾಕುವ ಬಣ್ಣಬಣ್ಣದ ಡಬ್ಬಿಗಳ ಬಗ್ಗೆ ಬರೆದೆ. ಪಕ್ಕದ ಮನೆಯಾತ ತನ್ನ ಹುಲ್ಲಿಗೆ ಮಾಡುವ ಸೇವೆಯ ಬಗ್ಗೆಯೂ ಎರಡು ಪುಟ ತುಂಬಿಸಿದೆ. ಬರೆಯಬೇಕಾದ ಒಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಾಯಿತು. ಹೀಗೇ ಒಂದು ವರ್ಷದ ಮೇಲೆ ಎರಡು ತಿಂಗಳು ಕಳೆದಿದೆ. ನನಗೀಗ ಎಪ್ಪತ್ತೆರಡು. ಇನ್ನು ಮುಂದೂಡಿಕೊಂಡು ಕೂರಲು ಹೆಚ್ಚು ಕಾಲವಿಲ್ಲ.

ತಟ್ಟೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಈ ದೇಶ ನನ್ನ ಮುಂದೆ ಮೊದಲು ಬಂದು ಕುಳಿತದ್ದು ಒಂದು ತಟ್ಟೆಯ ರೂಪದಲ್ಲಿ. ವಿಮಾನ ಇಳಿದ ಮೂರನೆಯ ದಿನ, ಭಾನುವಾರ ಮಧ್ಯಾಹ್ನ, ಮಗಳು ಸವಿತಾ ನನ್ನನ್ನು ಇಲ್ಲಿನ ಕ್ಯಾನಿಂಗ್ ವೇಲ್ ಬಡಾವಣೆಯ ಒಂದು ಹೋಟೆಲಿಗೆ ಕರೆದುಕೊಂಡು ಹೋದಳು. ಅದಿರುವುದು ಟೈರ್ ಅಂಗಡಿಗೂ ಹೆಂಚಿನ ಗೋದಾಮಿಗೂ ನಡುವೆ. ಒಳಗೆ ಪ್ಲಾಸ್ಟಿಕ್ ಕುರ್ಚಿಗಳು, ಗೋಡೆಯ ಮೇಲೆ ಬಣ್ಣದ ಕಾಗದದ ತೋರಣ. ನನ್ನ ಮುಂದೆ ಇಟ್ಟ ತಟ್ಟೆ ನಮ್ಮ ಮನೆಯ ಮೊರದಷ್ಟು ಅಗಲವಿತ್ತು. ಅದರ ಮೇಲೆ ರೊಟ್ಟಿಯಲ್ಲಿ ಸುತ್ತಿದ ಒಂದು ಉಂಡೆ, ಆಗತಾನೆ ಹುಟ್ಟಿದ ಕೂಸನ್ನು ಪಂಚೆಯಲ್ಲಿ ಸುತ್ತಿ ಮಲಗಿಸಿದ ಹಾಗೆ ಮಲಗಿತ್ತು. ಒಳಗೆ ಅನ್ನ, ಹುರುಳಿಯಂಥ ಕಾಳು, ವಿನೆಗರ್ ಮತ್ತು ಬೆಳ್ಳುಳ್ಳಿಯಲ್ಲಿ ಬೇಯಿಸಿದ ಕೋಳಿ. ಪಕ್ಕದಲ್ಲಿ ಜೋಳದ ಹಪ್ಪಳದ ಒಂದು ಗುಡ್ಡ.

"ಇದು ಎಷ್ಟು ಜನಕ್ಕೆ?" ಎಂದೆ.

"ನಿಮ್ಗೊಬ್ರಿಗೇ ಅಪ್ಪ. ಇಲ್ಲಿ ಸ್ಮಾಲ್ ಅಂದ್ರೇ ಇಷ್ಟು."

ಐದು ವರ್ಷದ ಮೊಮ್ಮಗಳು ಮಾಯಾಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. "ತಾತಾ, ಇಟ್ಸ್ ಜಸ್ಟ್ ಎ ಬುರಿಟೋ," ಎಂದಳು, ನನಗೆ ಧೈರ್ಯ ಹೇಳುವ ದನಿಯಲ್ಲಿ.

ಬುರಿಟೋ ಮೆಕ್ಸಿಕೋದವರದು. ಅದರ ಒಳಗಿನ ಕೋಳಿ ಫಿಲಿಪೀನ್ಸ್‌ನವರದು, ಅದಕ್ಕೆ ಅಡೋಬೋ ಎನ್ನುತ್ತಾರೆ. ಎರಡನ್ನೂ ಒಂದು ಮಾಡಿದ ಹೆಂಗಸು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಹೊರಬಂದರು. ನನ್ನನ್ನು ನೋಡಿ ನಕ್ಕು, "ಈಟ್, ಬಲಾಯೆ, ಈಟ್! ಯು ಆರ್ ಟೂ ಥಿನ್!" ಎಂದರು.

ಅವರು ನನ್ನ ಬೀಗಿತ್ತಿ, ಅಳಿಯ ಜೋಯೆಲ್‌ನ ತಾಯಿ. ಬಲಾಯೆ ಎಂದರೆ ಅವರ ಭಾಷೆಯಲ್ಲಿ ಬೀಗ. ಇಂಗ್ಲಿಷಿನಲ್ಲಿ ಈ ಸಂಬಂಧಕ್ಕೆ ಒಂದು ಪದವಿಲ್ಲವಂತೆ. ನಮ್ಮಲ್ಲಿದೆ, ಅವರಲ್ಲೂ ಇದೆ. ಆ ಪದ ಕೇಳಿದಾಗ ನನ್ನ ಕೈ ತಟ್ಟೆಯ ಮೇಲೆ ನಿಂತುಬಿಟ್ಟಿತು. ಏಕೆಂದರೆ ಅವರನ್ನು ನಾನು ಅದಕ್ಕೆ ಮುಂಚೆ ನೋಡಿದ್ದು ಒಂದೇ ಸಲ, ಏಳು ವರ್ಷಗಳ ಹಿಂದೆ, ಕನಕಪುರದ ನನ್ನ ಮನೆಯಲ್ಲಿ. ಆ ದಿನ ನಾನು ಮಾಡಿದ್ದಕ್ಕೆ ಕ್ಷಮೆ ಕೇಳಬೇಕೆಂಬ ಒಂದೇ ಕಾರಣಕ್ಕೆ ವಿಮಾನ ಹತ್ತಲು ಒಪ್ಪಿದ್ದೆ. ಮಗಳಿಗೆ ಮಾತ್ರ ಮೊಮ್ಮಗಳನ್ನು ನೋಡಬೇಕು ಎಂದಿದ್ದೆ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ. ಮೂವತ್ತೈದು ವರ್ಷ ರೇಷ್ಮೆ ನೂಲು ತೆಗೆಯುವ ಘಟಕದಲ್ಲಿ ಮೇಸ್ತ್ರಿಯಾಗಿದ್ದೆ. ಗೂಡು ಬೇಯಿಸುವ ಕಡೆ ಕೆಲಸ ಮಾಡಿದವರಿಗೆ ಗೊತ್ತು, ಸತ್ತ ಹುಳದ ವಾಸನೆ ಬಟ್ಟೆಗಲ್ಲ, ಮೈಗೇ ಅಂಟುತ್ತದೆ. ಹೆಂಡತಿ ಇದ್ದಷ್ಟು ದಿನ ಹಿತ್ತಲಲ್ಲಿ ನೀರು ಕಾಯಿಸಿಟ್ಟು, ಸ್ನಾನ ಮಾಡದೆ ಒಳಗೆ ಬಿಡುತ್ತಿರಲಿಲ್ಲ. ಅವಳು ಹೋದ ಮೇಲೆ ಸವಿತಾ ನರ್ಸಿಂಗ್ ಓದಲು ಅಡಿಲೇಡ್‌ಗೆ ಬಂದಳು. ಅಲ್ಲಿನ ಬೆಡ್‌ಫರ್ಡ್ ಪಾರ್ಕ್‌ನ ಕಾಲೇಜಿನಲ್ಲಿ ಜೋಯೆಲ್ ಅವಳ ಸಹಪಾಠಿ. ಅವನ ತಾಯಿ ವಿಧವೆ, ಬ್ರಿಸ್ಬೇನ್‌ನಲ್ಲಿ ಒಬ್ಬ ಮೆಕ್ಸಿಕೋದವನ ಹೋಟೆಲಿನಲ್ಲಿ ಅಡುಗೆ ಮಾಡಿಕೊಂಡು ಮಗನನ್ನು ಓದಿಸುತ್ತಿದ್ದರು. ಇದೆಲ್ಲವೂ, ಅವರಿಬ್ಬರೂ ಮದುವೆಯಾಗಬೇಕೆಂದಿರುವುದೂ ನನಗೆ ಫೋನಿನಲ್ಲಿ ತಿಳಿಯಿತು. ಆಗಲಿ ಎನ್ನಲಿಲ್ಲ, ಬೇಡವೆಂದೂ ಹೇಳಲಿಲ್ಲ. ಸುಮ್ಮನಿದ್ದರೆ ತಾನಾಗಿ ಮುರಿದುಬೀಳುತ್ತದೆ ಎಂದುಕೊಂಡೆ.

ಅವರಲ್ಲಿ ಒಂದು ಪದ್ಧತಿಯಿದೆ. ಗಂಡಿನ ಕಡೆಯವರು ತಮ್ಮ ಕೈಯಾರೆ ಅಡುಗೆ ಮಾಡಿಕೊಂಡು ಹೆಣ್ಣಿನ ಮನೆಗೆ ಹೋಗಿ ಹೆಣ್ಣು ಕೇಳಬೇಕು. ಆ ಅಡುಗೆಯನ್ನು ಎರಡೂ ಕಡೆಯವರು ಕೂತು ಉಂಡರೆ ಮಾತಾಯಿತು ಎಂದು ಅರ್ಥ. ಆ ತಾಯಿ ಬ್ರಿಸ್ಬೇನ್‌ನಿಂದ ಹೊರಟು, ಬೆಂಗಳೂರಿನಲ್ಲಿ ಸವಿತಾಳ ಗೆಳತಿಯೊಬ್ಬಳ ಒಲೆಯ ಮುಂದೆ ನಿಂತು ಬೇಯಿಸಿ, ಒಂದು ಅಗಲವಾದ ಪಾತ್ರೆಯನ್ನು ಹೊಸ ಟವೆಲಿನಲ್ಲಿ ಗಂಟು ಕಟ್ಟಿ, ತೊಡೆಯ ಮೇಲೆ ಇಟ್ಟುಕೊಂಡು ಸವಿತಾ, ಜೋಯೆಲ್ ಜೊತೆ ಬಸ್ಸಿನಲ್ಲಿ ಕನಕಪುರಕ್ಕೆ ಬಂದರು.

ನಾನು ಅವರಿಗೆ ಕುರ್ಚಿ ಹಾಕಿದೆ. ಮನೆಯ ಲೋಟ ಮುಟ್ಟಿಸಬಾರದೆಂದು ಹೋಟೆಲಿನಿಂದ ಕಾಗದದ ಲೋಟದಲ್ಲಿ ಕಾಫಿ ತರಿಸಿದೆ. ಅವರು ಎರಡೂ ಕೈಯಲ್ಲಿ ಪಾತ್ರೆ ಮುಂದೆ ಚಾಚಿದರು.

"ಇದೆಲ್ಲ ನಮ್ಮಲ್ಲಿ ನಡೆಯಕ್ಕಿಲ್ಲ, ತಗೊಂಡ್ಹೋಗಕ್ಕೆ ಹೇಳು," ಎಂದೆ ಮಗಳಿಗೆ.

ಜೋಯೆಲ್ ಅವಳ ಮುಖ ನೋಡಿದ. ಅವಳು ಇಂಗ್ಲಿಷಿನಲ್ಲಿ, ಅಪ್ಪನಿಗೆ ಇವತ್ತು ಉಪವಾಸ ಎಂದಳು. ಒಳಗೆ ಒಲೆಯ ಮೇಲೆ ಕುರಿಮಾಂಸದ ಸಾರು ಕುದಿಯುತ್ತಿತ್ತು. ಅದರ ಘಮ ಪಡಸಾಲೆ ತುಂಬ ಇತ್ತು.

ನಮ್ಮ ಕಡೆ ಯಾರ ಮನೆಯ ಪಾತ್ರೆಯನ್ನೂ ಬರಿದು ಮಾಡಿ ವಾಪಸು ಕೊಡುವುದಿಲ್ಲ. ಒಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ನಾನು ಅದಕ್ಕಿಂತ ಹೀನವಾದದ್ದನ್ನು ಮಾಡಿದೆ. ತಂದ ಪಾತ್ರೆಯನ್ನು ಗಂಟು ಕೂಡ ಬಿಚ್ಚದೆ, ತುಂಬಿದಂತೆಯೇ ಅವರ ಕೈಗಿಟ್ಟೆ. ಅವರು ತಲೆಯನ್ನು ಸ್ವಲ್ಪ ಬಾಗಿಸಿ ತೆಗೆದುಕೊಂಡರು. ಬೀದಿಯ ಕೊನೆಯವರೆಗೂ ಆ ಭಾರವನ್ನು ಸೊಂಟದ ಒಂದು ಬದಿಯಿಂದ ಇನ್ನೊಂದಕ್ಕೆ ಬದಲಿಸಿಕೊಂಡು ನಡೆದದ್ದನ್ನು ಕಿಟಕಿಯಿಂದ ನೋಡಿದೆ. ಮದುವೆ ಅಡಿಲೇಡ್‌ನಲ್ಲಿ ನಡೆಯಿತು. ನಾನು ಹೋಗಲಿಲ್ಲ. ಆಮೇಲೆ ಅವರೆಲ್ಲ ಪರ್ತ್‌ಗೆ ಬಂದು ನೆಲೆಸಿದರು, ಬೀಗಿತ್ತಿ ಸ್ವಂತ ಹೋಟೆಲು ತೆರೆದರು.

ಇಲ್ಲಿಗೆ ಬಂದ ಮೇಲೆ ದಿನಗಳು ಉದ್ದ. ಕನಕಪುರದಲ್ಲಿ ಬಾಗಿಲು ತೆಗೆದರೆ ಬೀದಿ, ಬೀದಿ ಎಂದರೆ ಮಾತು. ಇಲ್ಲಿ ಬಾಗಿಲು ತೆಗೆದರೆ ಕಾರು ನಿಲ್ಲಿಸುವ ಜಾಗ. ಕಾಲುದಾರಿ ಚೊಕ್ಕಟವಾಗಿದೆ, ನಡೆಯುವವರಿಲ್ಲ. ಅಳಿಯ ನಗರದ ಇನ್ನೊಂದು ತುದಿಯಲ್ಲಿರುವ ಜೂಂಡಲಪ್‌ನ ಆಸ್ಪತ್ರೆಗೆ ಹೋಗುತ್ತಾನೆ. "ಅಪ್ಪ, ಆರ್ವೋ ಶಿಫ್ಟ್ ಇದೆ, ಊಟ ಮೈಕ್ರೋವೇವಲ್ಲಿಟ್ಟಿದೀನಿ," ಎಂದು ಮಗಳು ಹೊರಡುತ್ತಾಳೆ. ಆರ್ವೋ ಎಂದರೆ ಇವರ ಬಾಯಲ್ಲಿ ಮಧ್ಯಾಹ್ನ. ಮೈಕ್ರೋವೇವಿನ ಗುಂಡಿ ಒತ್ತಲು ಕಲಿತದ್ದು ನನ್ನ ಮೊದಲ ಗೆಲುವು. ಒಬ್ಬನೇ ಬಸ್ಸು ಹತ್ತಿ ಅಂಗಡಿಗೆ ಹೋಗಿ ಕೊತ್ತಂಬರಿ ತಂದದ್ದು ಎರಡನೆಯದು. ಮೂರನೆಯದು ಇನ್ನೂ ಬಂದಿಲ್ಲ.

ಜೋಯೆಲ್ ಪ್ರತಿ ಬೆಳಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ನನ್ನ ಬಲಗೈ ಎತ್ತಿ ತನ್ನ ಹಣೆಗೆ ಮುಟ್ಟಿಸಿಕೊಳ್ಳುತ್ತಾನೆ. ಅದು ಅವರು ಹಿರಿಯರಿಗೆ ಮಾಡುವ ನಮಸ್ಕಾರ. ನಮ್ಮ ಹುಡುಗರು ಹಬ್ಬಕ್ಕೊಮ್ಮೆ ಕಾಲು ಮುಟ್ಟಿದರೆ ಹೆಚ್ಚು. ಕಾಗದದ ಲೋಟ ಕೊಟ್ಟ ಕೈಯನ್ನು ಅವನು ದಿನವೂ ಹಣೆಗೊತ್ತಿಕೊಳ್ಳುವಾಗ ಎಲ್ಲಿ ನೋಡಬೇಕೆಂದು ತಿಳಿಯದೆ ಗಡಿಯಾರ ನೋಡುತ್ತೇನೆ.

ಪ್ರತಿ ಭಾನುವಾರ ಬೀಗಿತ್ತಿಯ ಹೋಟೆಲಿನಲ್ಲಿ ಊಟ. ಪ್ರತಿ ಭಾನುವಾರ ಇವತ್ತು ಹೇಳುತ್ತೇನೆ ಎಂದು ಹೋಗುತ್ತಿದ್ದೆ. ಘಟಕದಲ್ಲಿ ನೂಲು ತುಂಡು ಮಾಡಿದ ಹೆಂಗಸರಿಂದ "ತಪ್ಪಾಯ್ತು ಅನ್ನು" ಎಂದು ನೂರಾರು ಸಲ ಹೇಳಿಸಿದ್ದೇನೆ. ಆ ಮಾತು ನನ್ನ ಬಾಯಿಂದ ಒಮ್ಮೆಯೂ ಹೊರಟಿರಲಿಲ್ಲ. ಇಂಗ್ಲಿಷಿನಲ್ಲಿ ಒಂದು ವಾಕ್ಯ ಕಟ್ಟಿಕೊಂಡೆ. ಬಚ್ಚಲುಮನೆಯ ಕನ್ನಡಿಯ ಮುಂದೆ ಅಭ್ಯಾಸ ಮಾಡುವಾಗ ಮಾಯಾ ಬಾಗಿಲು ಬಡಿದು, "ತಾತಾ, ಹೂ ಆರ್ ಯು ಟಾಕಿಂಗ್ ಟು?" ಎಂದಳು.

"ಯಾರಿಲ್ಲ ಕಂದ, ಹಲ್ಲು ಉಜ್ತಿದೀನಿ."

ಹೋಟೆಲಿನಲ್ಲಿ ವಾಕ್ಯ ಗಂಟಲಿಗೆ ಬಂದು, ಅಲ್ಲಿಂದ ಕೋಳಿಯ ಜೊತೆ ಕೆಳಗೆ ಇಳಿಯುತ್ತಿತ್ತು. ಕೊನೆಗೆ ನನಗೆ ನಾನೇ ಒಂದು ಉಪಾಯ ಹೇಳಿಕೊಂಡೆ. ಅವರು ಬಡಿಸಿದ್ದನ್ನು ಒಂದು ಅಗುಳೂ ಬಿಡದೆ ಉಣ್ಣುವುದು. ಅವತ್ತು ಉಣ್ಣದೆ ಕಳಿಸಿದ್ದಕ್ಕೆ ಇವತ್ತು ಉಂಡರೆ ಅವರಿಗೆ ಅರ್ಥವಾದೀತು, ಬಾಯಿ ಬಿಡುವ ಕಷ್ಟ ತಪ್ಪೀತು. ಬೀಗರ ಊಟದಲ್ಲಿ ತಟ್ಟೆ ಖಾಲಿ ಮಾಡಿದವನೇ ಗಂಡಸು ಎಂದು ಬೆಳೆದವನ ಬುದ್ಧಿ ಇಷ್ಟೇ.

ಕಳೆದ ತಿಂಗಳ ಒಂದು ಭಾನುವಾರ ಹಾಗೆ ಕುಳಿತೆ. ಬುರಿಟೋ ಮುಗಿಸಿದೆ. ಖಾಲಿ ತಟ್ಟೆ ಕಂಡ ಬೀಗಿತ್ತಿ ಹಿಗ್ಗಿ, ಜೋಳದ ರೊಟ್ಟಿಯಲ್ಲಿ ಹಂದಿಮಾಂಸ ಮಡಿಚಿಟ್ಟ ನಾಲ್ಕು ಟಾಕೋ ತಂದರು. ಅವನ್ನೂ ಮುಗಿಸಿದೆ. ಅನ್ನ ಬಂತು. ನಮ್ಮಲ್ಲಾದರೆ ಎಲೆ ಮಡಿಚಿ ಎದ್ದುಬಿಡಬಹುದು. ಪಿಂಗಾಣಿ ತಟ್ಟೆಯನ್ನು ಹೇಗೆ ಮಡಿಚಲಿ?

"ಅಪ್ಪ, ಸಾಕು ಮಾಡಿ. ಶುಗರ್ ಇದೆ ನಿಮ್ಗೆ," ಎಂದಳು ಸವಿತಾ.

"ಇವತ್ತೊಂದಿನ ಸುಮ್ನಿರವ್ವ."

"ಏನಾಗಿದೆ ಇವತ್ತು ನಿಮ್ಗೆ? ಪಂದ್ಯ ಕಟ್ಟಿದೀರಾ?"

ಆಗ ಬೀಗಿತ್ತಿ ಬಾಳೆಎಲೆ ಹಾಸಿದ ಬಟ್ಟಲು ತಂದು ಎದುರು ಕುಳಿತರು. ಕಂದು ಬಣ್ಣದ, ಅಂಟಂಟಾದ ಸಿಹಿ. ಬಾಯಿಗೆ ಇಟ್ಟೆ. ಅಕ್ಕಿ, ಬೆಲ್ಲ, ತೆಂಗಿನಹಾಲು. ಸಂಕ್ರಾಂತಿಗೆ ನನ್ನ ಹೆಂಡತಿ ಮಾಡುತ್ತಿದ್ದದ್ದಕ್ಕೂ ಇದಕ್ಕೂ ಏಲಕ್ಕಿಯಷ್ಟೇ ವ್ಯತ್ಯಾಸ. ಇದರ ಹೆಸರು ಬಿಕೋ ಎಂದರು. ಅವರು ನಿಧಾನವಾದ ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

"ಅವತ್ತು ನಿಮ್ಮ ಮನೆಗೆ ತಂದಿದ್ದೆನಲ್ಲ, ಅದು ಇದೇ. ನಿಮಗೆ ಉಪವಾಸ ಇತ್ತು."

ಅವರ ಮುಖದಲ್ಲಿ ಕೋಪವಿರಲಿಲ್ಲ. ಗೊತ್ತಿದ್ದೂ ಹೇಳಿದರೋ, ಉಪವಾಸವನ್ನು ನಿಜವಾಗಿ ನಂಬಿದ್ದರೋ ನನಗೆ ಇಂದಿಗೂ ತಿಳಿಯದು. ನಾನು ಕ್ಷಮೆ ಕೇಳಲು ಬಾಗಿಲನ್ನು ಮಾತ್ರ ಪೂರ್ತಿ ತೆರೆದು ಹಿಡಿದಿದ್ದರು. ಒಂದು ಹೆಜ್ಜೆ ಇಟ್ಟರೆ ಸಾಕಿತ್ತು. ಸವಿತಾ ನನ್ನ ಕಡೆ ನೋಡುತ್ತಿದ್ದಳು. ನಾನು ಚಮಚ ತುಂಬಿಸಿ ಇನ್ನೊಂದು ತುತ್ತು ತಿಂದೆ. ಮತ್ತೊಂದು ತಿಂದೆ. ಬಟ್ಟಲು ಬರಿದಾಯಿತು.

"ಯು ಲೈಕ್?"

ತಲೆಯಾಡಿಸಿದೆ. ಮರುಕ್ಷಣವೇ ಎದ್ದು ಹೊರಗೆ ಓಡಿದೆ. ಟೈರ್ ಅಂಗಡಿಯ ಗೋಡೆಗೆ ಕೈ ಕೊಟ್ಟು ಅಷ್ಟನ್ನೂ ಕಕ್ಕಿದೆ. ಯಾರೋ ಹಿಂದಿನಿಂದ ಬಂದು ಹಣೆ ಹಿಡಿದರು. ಮಗಳಿರಬೇಕು ಎಂದುಕೊಂಡೆ. ಅಲ್ಲ, ಬೆಳ್ಳುಳ್ಳಿ ವಾಸನೆಯ ಕೈ. ಅವರು ತಮ್ಮ ಏಪ್ರನ್‌ನಿಂದ ನನ್ನ ಬಾಯಿ ಒರೆಸಿದರು. ಅವರ ಕಣ್ಣಲ್ಲಿ ನೀರಿತ್ತು.

"ಮೈ ಫಾಲ್ಟ್, ಬಲಾಯೆ. ಟೂ ಮಚ್ ಫುಡ್, ಐ ಗೇವ್. ಸಾರಿ, ಸಾರಿ."

ಬಡಿಸಿದ್ದು ತಮ್ಮದೇ ತಪ್ಪು ಎನ್ನುತ್ತಿದ್ದರು. ಕನ್ನಡಿಯ ಮುಂದೆ ಉರುಹೊಡೆದ ನನ್ನ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ನಾನು ಹೇಳಿದ್ದು ಬೇರೆ.

"ಇಟ್ಸ್ ಓಕೆ," ಎಂದೆ.

ಅವರನ್ನು ನಾನು ಕ್ಷಮಿಸಿಬಿಟ್ಟೆ! ಏಳು ವರ್ಷದಿಂದ ಹೊತ್ತ ತಪ್ಪು ನನ್ನದು. ಅವರು ಕ್ಷಮೆ ಕೇಳಿದರು, ನಾನು ದೊಡ್ಡವನಂತೆ ದಯಪಾಲಿಸಿದೆ.

ಮನೆಗೆ ಹೋಗುವಾಗ ಸವಿತಾ ಸರ್ವೋ, ಅಂದರೆ ಪೆಟ್ರೋಲ್ ಬಂಕಿನ ಹತ್ತಿರ ಕಾರು ನಿಲ್ಲಿಸಿ ನೀರಿನ ಬಾಟಲಿ ತಂದುಕೊಟ್ಟಳು.

"ಹೇಳ್ಬೇಕು ಅಂತಿದ್ರಲ್ಲ ಅಪ್ಪ? ನಾನು ನೋಡ್ದೆ."

"ಹೂಂ."

"ನಾನೇ ಹೇಳ್ಲಾ ಅವ್ರಿಗೆ?"

"ಬೇಡ. ನಾನೇ ಹೇಳ್ಬೇಕು."

"ಯಾವಾಗ? ಉಪವಾಸ ಅಂತ ನಿಮ್ಗೋಸ್ಕರ ನಾನು ಸುಳ್ಳು ಹೇಳಿದ್ದು. ಆ ಸುಳ್ಳನ್ನ ಇಷ್ಟು ದಿನ ಕಾಪಾಡ್ಕೊಂಡು ಬಂದಿರೋದೂ ನಾನು. ಸಾಕಾಗಿದೆ ಅಪ್ಪ."

ನಾನು ನೀರು ಕುಡಿದೆ.

ಅದಾದ ಮೇಲೆ ನಾಲ್ಕು ಭಾನುವಾರ ಕಳೆದಿವೆ. ಬೀಗಿತ್ತಿ ಈಗ ನನಗೆ ಶುಂಠಿ ಹಾಕಿದ ತೆಳ್ಳನೆಯ ಗಂಜಿ ಮಾಡಿಕೊಡುತ್ತಾರೆ, ಚಿಕ್ಕ ಬಟ್ಟಲಲ್ಲಿ, ಹೆದರಿ ಹೆದರಿ. ಉಳಿದವರ ಮುಂದೆ ಗುಡ್ಡದಂಥ ತಟ್ಟೆಗಳು ಬಂದು ಹೋಗುತ್ತವೆ. ನಾನು ಗಂಜಿ ಕುಡಿದು ಎದ್ದು ಬರುತ್ತೇನೆ.

ಒಂದು ಮಾತನ್ನು ಇಲ್ಲಿಯವರೆಗೆ ಬಿಟ್ಟಿದ್ದೆ. ಅವತ್ತು ಕನಕಪುರದಲ್ಲಿ ಅವರು ಬೀದಿ ದಾಟಿದ ಮೇಲೆ ಅಕ್ಕಪಕ್ಕದವರು ಯಾರು ಬಂದಿದ್ದವರು ಎಂದು ಕೇಳಿದರು. ನಗಿಸಬೇಕೆಂದು ನಾನೊಂದು ಅಡ್ಡಹೆಸರಿಟ್ಟು ಹೇಳಿದೆ. ಅವರ ಮುಖದ ಮೇಲೆ, ಅವರ ಊಟದ ಮೇಲೆ ಕಟ್ಟಿದ ಹೆಸರು ಅದು. ಅದನ್ನು ಇಲ್ಲಿ ಬರೆಯುವುದಿಲ್ಲ. ಬೀದಿ ನಕ್ಕಿತು, ಹೆಸರು ಉಳಿಯಿತು. ಮೊನ್ನೆ ನನ್ನ ದಾಯಾದಿ ಫೋನು ಮಾಡಿ, "ಯಾವಾಗ್ ಬತ್ತೀಯಣ್ಣ? ನಿನ್ ಬೀಗ್ರು ಹೆಂಗವ್ರೆ?" ಎಂದು ಅದೇ ಅಡ್ಡಹೆಸರು ಹಿಡಿದು ಕೇಳಿದ. ಚೆನ್ನಾಗವ್ರೆ ಎಂದೆ.

ಹೀಗಿದೆ ನನ್ನ ಸ್ಥಿತಿ. ಕನಕಪುರಕ್ಕೆ ಹೋದರೆ ನಾನು ಕಟ್ಟಿದ ಆ ಅಡ್ಡಹೆಸರು ಓಡಾಡುವ ಬೀದಿಯಲ್ಲೇ ಬದುಕಬೇಕು. ಇಲ್ಲಿದ್ದರೆ ಅವರ ಎದುರು ಕೂತು ಗಂಜಿ ಕುಡಿಯಬೇಕು. ಅಲ್ಲಿ ಮಾತು ಬರುತ್ತದೆ, ಕೇಳಬೇಕಾದವರಿಲ್ಲ. ಇಲ್ಲಿ ಕೇಳಬೇಕಾದವರು ಎದುರಿಗಿದ್ದಾರೆ, ಮಾತು ಬರುವುದಿಲ್ಲ. ಅವರಿಗೆ ಓದಲು ಬಾರದ ಭಾಷೆಯಲ್ಲಿ ಇದನ್ನು ಬರೆಯುತ್ತಿರುವುದೂ ಹೇಡಿತನವೇ ಎಂದು ಗೊತ್ತಿದೆ. ಆದರೆ ನಮ್ಮ ಬೀದಿಯವರು ಓದಬಲ್ಲರು. ಅವರು ಇನ್ನು ಮುಂದೆ ನನ್ನ ಬೀಗಿತ್ತಿಯನ್ನು ಏನೆಂದು ಕರೆಯಬೇಕು ಎಂಬುದನ್ನಾದರೂ ತಿಳಿಸುತ್ತೇನೆ. ನಾನೂ ಅವರನ್ನು ಒಮ್ಮೆಯೂ ಅವರ ಹೆಸರು ಹಿಡಿದು ಕರೆದವನಲ್ಲ. ಅವರ ಹೆಸರು ಎರ್ಲಿಂಡಾ.