ಪಾರ್ಕಿನ ಹುಲ್ಲಿನ ಮೇಲೆ ಅಜ್ಜನ ಕಂಬಳಿ

ಬೆಂಗಳೂರಿನ ಪಾರ್ಕಿನ ಹುಲ್ಲಿನ ಮೇಲೆ ನಿಮ್ಮ ಅಜ್ಜನ ಕಂಬಳಿ ಹಾಸಿದವಳು ನಾನು. ನೇತ್ರಾ ಅಲ್ಲ. ಅದರ ಮೇಲೆ ಕೂತು ಹಾಡು ಕೇಳಿದವಳು ನಾನು, ಐಸ್ ಗೋಲಾ ಚೆಲ್ಲಿದವಳು ನಾನು. ಕೊನೆಗೆ, ನನಗೇನೂ ಗೊತ್ತಿಲ್ಲ ಎಂದವಳೂ ನಾನೇ.

ಮಕ್ಕಳೇ, ನಾನು ಮತ್ತೋಡಿನ ಶಾಲೆಯಲ್ಲಿ ಏಳನೆಯವರೆಗೆ ಓದಿದವಳು. ಬರೆದು ರೂಢಿಯಿಲ್ಲ. ಆದರೂ ಇದನ್ನು ಬರೆದೇ ಇಡಬೇಕು. ನಿಮ್ಮಲ್ಲಿ ಚಿಕ್ಕವರು ಈಗಲೂ ನೇತ್ರಾಳನ್ನು ‘ಕಂಬಳಿ ಅಕ್ಕ’ ಎಂದು ರೇಗಿಸುತ್ತೀರಿ — ಯಾಕೆಂದು ನಿಮಗೆ ಗೊತ್ತೂ ಇಲ್ಲ.

ನಮ್ಮದು ಕುರಿ ಕಾಯುವ ಮನೆತನ. ಗಂಡ ತೀರಿಕೊಂಡರೆ ಅವನು ಹೊದೆಯುತ್ತಿದ್ದ ಕರಿ ಕಂಬಳಿ ಒಂದು ವರ್ಷ ಹೆಂಡತಿಯ ಹತ್ತಿರ ಇರಬೇಕು. ವರ್ಷದ ದಿನ ಅದನ್ನು ಹಾಸಿ, ಅದರ ಮೇಲೆ ಎಡೆ ಇಡುತ್ತೇವೆ. ಅಲ್ಲಿಯವರೆಗೆ ಅದನ್ನು ನೆಲಕ್ಕೆ ತಾಗಿಸುವಂತಿಲ್ಲ, ಮೇಲೆ ಕೂರುವಂತಿಲ್ಲ. ಅವಳು ಹಾಡು ಕುಣಿತ ಇರುವ ಕಡೆ ಹೋಗುವಂತಿಲ್ಲ. ನಾನು ಇದನ್ನೆಲ್ಲ ಬೇಡವೆಂದವಳಲ್ಲ. ನಿಮ್ಮ ಅಜ್ಜನ ಮೇಲೆ ಪ್ರೀತಿ ಇಲ್ಲದವಳೂ ಅಲ್ಲ.

ಅವರು ಹೋದ ಮೇಲಿನ ಬೇಸಿಗೆಯಲ್ಲಿ ಕಣ್ಣಿನ ಪೊರೆ ತೆಗೆಸಲು ನನ್ನನ್ನು ಬೆಂಗಳೂರಿಗೆ, ಮಗಳು ಗಿರಿಜಾಳ ಮನೆಗೆ ಕಳಿಸಿದರು. ನನ್ನ ಮಗ ತಿಪ್ಪೇಶನ ದೊಡ್ಡ ಮಗಳು ನೇತ್ರಾ ಅಲ್ಲೇ ಇದ್ದು ಕಾಲೇಜಿಗೆ ಹೋಗುತ್ತಿದ್ದಳು. ಪಟ್ಟಿ ಬಿಚ್ಚಿದ ಮೇಲೆ ಒಂದು ಸಂಜೆ ಅವಳು, ‘‘ಬಾ ಅಜ್ಜಿ, ಒಂಚೂರು ಗಾಳಿ ಕುಡ್ಕಂಡ್ ಬರಾಣ’’ ಎಂದಳು. ಹೋದೆ.

ಊರಿನಲ್ಲಿ ಕತ್ತಲಾದರೆ ನನಗೆ ಒಲೆ, ಪಾತ್ರೆ, ಬಾಗಿಲ ಚಿಲಕ. ಅಲ್ಲಿ ನೋಡಿದರೆ ಕತ್ತಲಾದ ಮೇಲೇ ಹೆಂಗಸರು ಮಲ್ಲಿಗೆ ಮುಡಿದು ಹೊರಡುತ್ತಿದ್ದರು! ಬೀದಿಯ ಉದ್ದಕ್ಕೂ ದೋಸೆಯ ಹಂಚು, ಸುಟ್ಟ ಜೋಳ, ಉಪ್ಪು ಖಾರ ಹಚ್ಚಿದ ಮಾವಿನಕಾಯಿ. ಒಂದು ಮೈದಾನದಲ್ಲಿ ಬಯಲಿಗೇ ಪರದೆ ಕಟ್ಟಿ ಸಿನಿಮಾ. ಇನ್ನೊಂದು ಕಡೆ ಮರಗಳ ಕೆಳಗೆ ನಾಟಕ. ನನ್ನ ವಯಸ್ಸಿನವಳೊಬ್ಬಳು ಚಪ್ಪಲಿ ಬಿಟ್ಟು, ಕಾಲು ಚಾಚಿ, ಯಾರಿಗೂ ಕಾಯದೆ, ಯಾರನ್ನೂ ಕೇಳದೆ ಕೂತಿದ್ದಳು. ಅವಳನ್ನೇ ಎಷ್ಟು ಹೊತ್ತು ನೋಡಿದೆನೋ — ಹೊಸ ಕಣ್ಣು.

ಆಮೇಲೆ ಕರೆದವಳು ನೇತ್ರಾ ಅಲ್ಲ. ಸಂಜೆಯಾದರೆ ನಾನೇ ಅವಳ ಪುಸ್ತಕದ ಪಕ್ಕ ಹೋಗಿ ನಿಲ್ಲುತ್ತಿದ್ದೆ.

‘‘ಇವತ್ತು ಎಲ್ಲೂ ಏನೂ ಇಲ್ವೇನೇ?’’

‘‘ಅಯ್ಯೋ ಅಜ್ಜಿ, ನೀನು ನನಗಿಂತ ಕೆಟ್ಟೆ! ನನ್ನ ಓದಾಕೆ ಬಿಡ್ತೀಯೋ ಇಲ್ವೋ?’’

ಗಿರಿಜಾಳಿಗೆ ಗುಡಿಗೆ ಹೋಗುತ್ತೇವೆ ಎನ್ನುತ್ತಿದ್ದೆ. ಅದೂ ನನ್ನ ಬಾಯಿಂದಲೇ ಬಂದ ಸುಳ್ಳು.

ಆಗ ಅವಳ ಮನೆಗೆ ಸುಣ್ಣಬಣ್ಣ ನಡೆದಿತ್ತು. ಕೆಲಸದವರ ಕಾಲಿಗೆ ಸಿಕ್ಕೀತೆಂದು ಕಂಬಳಿಯನ್ನು ಚೀಲಕ್ಕೆ ಹಾಕಿ, ಹೆಗಲಿಗೇರಿಸಿಕೊಂಡೇ ಹೋಗುತ್ತಿದ್ದೆ. ಆ ದಿನ ಪಾರ್ಕಿನಲ್ಲಿ ಹಾಡು. ಹುಲ್ಲಿಗೆ ನೀರು ಬಿಟ್ಟಿದ್ದರು, ನೆಲವೆಲ್ಲ ಒದ್ದೆ. ನಿಂತು ನಿಂತು ನನ್ನ ಮಂಡಿ ಕೇಳಲಿಲ್ಲ. ನಾನು ಚೀಲಕ್ಕೆ ಕೈ ಹಾಕಿದ್ದನ್ನು ನೋಡಿ ನೇತ್ರಾ ನನ್ನ ಕೈ ಹಿಡಿದುಕೊಂಡಳು.

‘‘ಬ್ಯಾಡ ಅಜ್ಜಿ. ಅಪ್ಪಂಗೆ ಗೊತ್ತಾದ್ರೆ ಚರ್ಮ ಸುಲೀತಾನೆ.’’

‘‘ಯಾರ್ ಹೇಳ್ತಾರೆ ನಿಮ್ಮಪ್ಪಂಗೆ? ಕುಂತ್ಕ ಸುಮ್ನೆ.’’

ಕೂತೆವು. ಉದ್ದ ಕೂದಲಿನ ಹುಡುಗರು ಯಾವುದೋ ಭಾಷೆಯಲ್ಲಿ ಹಾಡಿದರು. ಒಂದು ಪದವೂ ಅರ್ಥವಾಗಲಿಲ್ಲ. ಅಂಗೈ ಬಿಸಿಯಾಗುವಷ್ಟು ಚಪ್ಪಾಳೆ ತಟ್ಟಿದೆ. ಆ ಭರದಲ್ಲೇ ಪಕ್ಕದಲ್ಲಿಟ್ಟಿದ್ದ ಐಸ್ ಗೋಲಾ ಉರುಳಿ ಪಾಕ ಕಂಬಳಿಯ ಮೇಲೆ ಸುರಿಯಿತು. ಕರಿ ಉಣ್ಣೆಯಲ್ಲಿ ಏನೂ ಕಾಣಲಿಲ್ಲ. ಸೆರಗಿನಿಂದ ಒರೆಸಿ, ಮಡಿಸಿ, ಊರಿಗೆ ತಂದು ಟ್ರಂಕಿನಲ್ಲಿಟ್ಟೆ.

ವರ್ಷದ ದಿನ ನೆಂಟರೆಲ್ಲ ಸೇರಿದ್ದರು. ತಿಪ್ಪೇಶ ಟ್ರಂಕು ತೆರೆದು ಕಂಬಳಿ ಬಿಡಿಸಿದ — ಮಡಿಕೆಯ ಒಳಗಿಂದ ಇರುವೆಯ ಸಾಲು ಹೊರಟಿತು. ಉಣ್ಣೆ ಒಂದು ಕಡೆ ಗಟ್ಟಿಯಾಗಿ ಅಂಟಿಕೊಂಡಿತ್ತು. ಅವನು ಮೂಗಿಗೆ ಹಿಡಿದು ನೋಡಿದ.

‘‘ಸಕ್ಕರೆ ವಾಸ್ನೆ ಐತೆ. ಯಾರು ಮುಟ್ಟಿದ್ದು ಇದನ್ನ?’’

ನಾನು ಹೇಳಬೇಕೆಂದು — ಇಲ್ಲ, ಹೇಳಬೇಕೆಂದಿದ್ದೆನೋ ಇಲ್ಲವೋ ಈಗ ಯಾರಿಗೆ ಗೊತ್ತು. ಅಷ್ಟರಲ್ಲಿ ನೇತ್ರಾ ಎದ್ದು ನಿಂತಳು.

‘‘ನಾನೇ ಅಪ್ಪ. ಹಾಡು ಕೇಳಾಕೆ ಪಾರ್ಕಿಗೆ ಹೋಗಿದ್ದೆ, ಹಾಸ್ಕಂಡು ಕುಂತಿದ್ದೆ. ಅಜ್ಜಿಗೆ ಗೊತ್ತಿಲ್ಲ.’’

ನನ್ನ ಮೈದುನ ನನ್ನ ಕಡೆ ತಿರುಗಿದ. ‘‘ಏನತ್ತಿಗೆ, ನಿಮ್ ಪಕ್ದಾಗೇ ಇದ್ದ ಕಂಬಳಿ, ಗೊತ್ತಾಗ್ಲಿಲ್ವಾ?’’

‘‘ನಂಗೇನ್ ಗೊತ್ತಪ್ಪ,’’ ಎಂದೆ. ‘‘ಕಣ್ಣು ಕಾಣಂಗಿಲ್ಲ.’’

ನಗರದ ದೀಪಗಳನ್ನೆಲ್ಲ ನೋಡಿ ತಣಿದ ಕಣ್ಣನ್ನು ಮುಂದಿಟ್ಟು ಹಾಗೆಂದೆ. ತಿಪ್ಪೇಶ ಎಲ್ಲರ ಎದುರಿಗೇ ಅವಳ ಕೆನ್ನೆಗೆ ಹೊಡೆದ. ಮತ್ತೆ ಬೆಂಗಳೂರಿಗೆ ಕಳಿಸಲಿಲ್ಲ. ಅವಳು ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಓಡಾಡಿ, ತನಗೆ ಬೇಡವಾದ ಯಾವುದೋ ಓದು ಮುಗಿಸಿದಳು. ಮದುವೆಯಾಗಿ ಹಿರಿಯೂರಿಗೆ ಹೋದಳು. ಒಂದು ದಿನವೂ ಒಬ್ಬರಿಗೂ ಹೇಳಲಿಲ್ಲ — ನನಗೂ ಏನೂ ಹೇಳಲಿಲ್ಲ. ಬಂದಾಗಲೆಲ್ಲ ನನ್ನ ಕಣ್ಣಿಗೆ ಔಷಧಿ ಬಿಡುತ್ತಿದ್ದಳು. ಆಗ ನಾನು ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಈ ವರ್ಷ ಅವಳ ತಂಗಿ ಸಿಂಚನಾ ಬೆಂಗಳೂರಿನಲ್ಲಿ ಓದುತ್ತೇನೆಂದಳು. ತಿಪ್ಪೇಶ, ‘‘ಒಬ್ಬಳನ್ನ ಕಳಿಸಿ ನೋಡಿದ್ದು ಸಾಕು’’ ಎಂದ. ಸಿಂಚನಾ ಅಕ್ಕನನ್ನು ಬೈದುಕೊಂಡು ಅತ್ತಳು. ನಾನು ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದೆ. ನನ್ನ ಸುಳ್ಳು ಎರಡನೆಯ ಮಗುವಿನ ಬಾಗಿಲನ್ನೂ ಹಾಕುತ್ತಿತ್ತು.

ತಿಪ್ಪೇಶನೊಬ್ಬನಿಗೇ ಮೆಲ್ಲಗೆ ಹೇಳಬಹುದಿತ್ತು. ಆದರೆ ನೇತ್ರಾಳ ಮಾನ ಹೋದದ್ದು ನೆಂಟರ ಮುಂದೆ. ಹೋದ ವಾರ ಹಿರಿಯರ ಎಡೆಗೆ ನೇತ್ರಾಳೂ ಬಂದು ಎಲ್ಲರೂ ಸೇರಿದಾಗ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಶುರು ಮಾಡಿದೆ. ಜನರ ಮುಂದೆ ಎಂದೂ ಮಾತಾಡಿದವಳಲ್ಲ. ಮೊದಲು ಯಾರಿಗೂ ಕೇಳಿಸಲಿಲ್ಲ. ಸೆರಗು ಬಿಟ್ಟು ಮತ್ತೆ ಹೇಳಿದೆ. ಪಾರ್ಕು, ಸಿನಿಮಾ, ಗೋಲಾ, ಕಂಬಳಿ, ಕಣ್ಣು — ಎಲ್ಲ. ಖುಷಿಯಾಗಿದ್ದೆ ಎಂಬುದನ್ನೂ ಹೇಳಿದೆ.

‘‘ಗೋಲಾ ಯಾವ್ ಬಣ್ಣದ್ದು ಅತ್ತಿಗೆ?’’ ಎಂದ ಮೈದುನ.

‘‘ಕೆಂಪು.’’

ಒಂದಿಬ್ಬರು ನಕ್ಕರು. ತಿಪ್ಪೇಶ ನಗಲಿಲ್ಲ. ‘‘ಅವ್ವ, ಆ ಮಗೀಗೆ ನಾನು ಹೊಡ್ದೆ. ನೀನು ಅಲ್ಲೇ ಕುಂತಿದ್ದೆ’’ ಎಂದ.

‘‘ಹೂಂ. ಕುಂತಿದ್ದೆ.’’

ಅವನು ಸಿಂಚನಾಳಿಗೆ, ‘‘ಹೋಗ್ ನೀನು. ಓದು’’ ಎಂದವನು ಎದ್ದು ನೇತ್ರಾ ಕೂತಿದ್ದ ಕಡೆ ನಡೆದ. ತಂದೆ ಮಗಳು ಏನು ಮಾತಾಡಿದರೋ ನನಗೆ ಕೇಳಿಸಲಿಲ್ಲ.

ಎದೆಯ ಮೇಲಿನ ಬೀಸುವ ಕಲ್ಲು ಇಳಿದಂತಾಗಿದೆ, ಮಕ್ಕಳೇ. ಉಂಡ ಅನ್ನಕ್ಕೆ ರುಚಿ ಬಂದಿದೆ. ಇಷ್ಟು ಹಗುರವಾಗಲು ನನಗೆ ಹಕ್ಕಿದೆಯೇ — ಗೊತ್ತಿಲ್ಲ. ನೇತ್ರಾ ಕಳೆದುಕೊಂಡ ಓದು ನನ್ನಿಂದ ತಿರುಗಿ ಬರುವುದಿಲ್ಲ.

ಹಿರಿಯೂರಿಗೆ ಹೊರಡುವಾಗ ಅವಳು ಒಂದೇ ಮಾತು ಆಡಿದಳು: ‘‘ಅವತ್ತು ಅಪ್ಪ ಹೊಡ್ದಾಗ ನಾನು ನಿನ್ನ ಮುಖಾನೇ ನೋಡ್ತಿದ್ದೆ ಅಜ್ಜಿ.’’

ಕ್ಷಮಿಸಿದೆಯಾ ಎಂದು ನಾನು ಕೇಳಲಿಲ್ಲ; ಮುಂದೆಯೂ ಕೇಳುವುದಿಲ್ಲ. ಕೇಳಿದರೆ ಆ ಹುಡುಗಿ ಹೂಂ ಎಂದುಬಿಡುತ್ತಾಳೆ — ನನ್ನ ಭಾರವನ್ನು ಇನ್ನೊಂದು ಸಲ ತಾನೇ ಹೊತ್ತುಕೊಂಡು.